ಎರಡು ಸೀಮೆ ಕೂಡುವ ಠಾವು: ಅರೆಲೋಹಗಳ ಎಲೆಕ್ಟ್ರಾನು ಲೋಕ

ಧಾರವಾಡದಿಂದ ಪಡುವಣಕ್ಕೆ ಅಳ್ನಾವರದ ಹಾದಿ ಹಿಡಿದರೆ ತಾಸಿನೊಳಗೆ ತೇಗದ ಕಾಡು ಎದುರಾಗುತ್ತದೆ. ಮೂಡಣಕ್ಕೆ ನವಲಗುಂದದ ಹಾದಿ ಹಿಡಿದರೆ ಕಣ್ಣು ಹಾಯುವಷ್ಟು ದೂರವೂ ಎರೆಯ ಹೊಲ. ಊರು ಮಾತ್ರ ಎರಡಕ್ಕೂ ಪೂರ್ತಿ ಸೇರದೆ, ಎರಡನ್ನೂ ಬಿಡದೆ ನಡುವೆ ನಿಂತಿದೆ. ಇಂಥ ಸೀಮೆಗೆ ನಮ್ಮ ಹಿರಿಯರು ಅರೆಮಲೆನಾಡು ಎಂಬ ಒಪ್ಪುವ ಹೆಸರನ್ನಿಟ್ಟರು. ಘನವಸ್ತುಗಳ ಪ್ರಪಂಚದಲ್ಲಿಯೂ ಇಂಥದೊಂದು ನಡುನಾಡು ಉಂಟು. ಅಲ್ಲಿಯ ವಸ್ತುಗಳು ತಾಮ್ರದಂತೆ ಪೂರ್ಣ ಲೋಹಗಳಲ್ಲ. ಗಾಜಿನಂತೆ ಅವಾಹಕಗಳೂ ಅಲ್ಲ. ಸಿಲಿಕಾನಿನಂಥ ಅರೆವಾಹಕಗಳ ಗುಂಪಿಗೂ ಸೇರವು. ಇವುಗಳನ್ನು ಅರೆಲೋಹಗಳೆಂದು ಕರೆಯೋಣ. ರಸಾಯನಶಾಸ್ತ್ರದ ಪಾಠದಲ್ಲಿ ಬೋರಾನ್, ಸಿಲಿಕಾನ್ ಮೊದಲಾದ ಧಾತುಗಳಿಗೆ ಇದೇ ಹೆಸರನ್ನು ಕೆಲವರು ಬಳಸುವುದುಂಟು. ಇಲ್ಲಿ ನಮ್ಮ ಅರ್ಥ ಅದಲ್ಲ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಮತ್ತು ಬಿಸ್ಮತ್ ಇವೆರಡು ನಾವು ಹೇಳಲಿರುವ ಕುಲದ ಹಳೆಯ ಪ್ರತಿನಿಧಿಗಳು.

ಒಂಟಿ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಗೊತ್ತಾದ ಕೆಲವು ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲವೆಂಬುದನ್ನು ವಾಚಕರು ಬಲ್ಲರು. ಕೋಟ್ಯನುಕೋಟಿ ಪರಮಾಣುಗಳು ಕೂಡಿ ಹರಳಾದಾಗ ಈ ಮಟ್ಟಗಳು ಹರಡಿಕೊಂಡು ಅಗಲವಾದ ಪಟ್ಟಿಗಳಾಗುತ್ತವೆ. ತುಂಬಿ ತುಳುಕುವ ಬಸ್ಸಿನಲ್ಲಿ ಯಾರೂ ಜಾಗ ಬದಲಿಸಲಾರರಷ್ಟೆ. ಅದರಂತೆಯೇ ಪೂರ್ತಿ ತುಂಬಿದ ಪಟ್ಟಿಯೊಳಗಿನ ಎಲೆಕ್ಟ್ರಾನುಗಳು ವಿದ್ಯುತ್ತನ್ನು ಒಯ್ಯಲಾರವು. ಸಿಲಿಕಾನಿನಲ್ಲಿ ತುಂಬಿದ ಕೆಳಪಟ್ಟಿಗೂ ಬರಿದಾದ ಮೇಲ್ಪಟ್ಟಿಗೂ ನಡುವೆ ೧.೧ ಎಲೆಕ್ಟ್ರಾನು-ವೋಲ್ಟಿನ ಅಂತರವಿದೆ. ವಜ್ರದಲ್ಲಿ ಸುಮಾರು ೫.೫. ತಾಮ್ರದಲ್ಲಿ ಪಟ್ಟಿಯೇ ಅರೆಬರೆ ತುಂಬಿರುವುದರಿಂದ ತಡೆಯೆಂಬುದಿಲ್ಲ. ಅರೆಲೋಹದಲ್ಲಾದರೋ ಕೆಳಪಟ್ಟಿಯ ತುದಿಯೂ ಮೇಲ್ಪಟ್ಟಿಯ ಬುಡವೂ ಒಂದನ್ನೊಂದು ಬಂದು ಮುಟ್ಟುತ್ತವೆ. ಈ ಮುಟ್ಟುವ ಠಾವಿನಲ್ಲಿ ಏನು ನಡೆಯುತ್ತದೆಂಬುದೇ ನಮ್ಮ ಲೇಖನದ ವಿಷಯ.

ಗ್ರಾಫೈಟಿನ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಹಾಳೆಗೆ ಗ್ರಾಫೀನ್ ಎಂದು ಹೆಸರು. ಅದರ ಪಟ್ಟಿಗಳ ಲೆಕ್ಕವನ್ನು ಪಿ. ಆರ್. ವಾಲೇಸ್ ಎಂಬವರು ೧೯೪೭ರಷ್ಟು ಹಿಂದೆಯೇ ಮಾಡಿದ್ದರು. ಎರಡು ಪಟ್ಟಿಗಳು ತಲೆಕೆಳಗಾದ ಎರಡು ಶಂಕುಗಳಂತೆ, ಡಮರುಗದ ನಡುವಿನಂತೆ, ತುದಿಗೆ ತುದಿ ತಾಗಿಸಿ ನಿಂತಿವೆಯೆಂದು ಲೆಕ್ಕ ಹೇಳಿತು. ಸಾಮಾನ್ಯ ಕಣದ ಚಲನಶಕ್ತಿಯು ಸಂವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. ಇಲ್ಲಿಯಾದರೆ ಶಕ್ತಿಯು ಸಂವೇಗಕ್ಕೇ ನೇರ ಅನುಪಾತ. ಇದು ಬೆಳಕಿನ ಕಣದ ನಡತೆ! ಅಂದರೆ ಶಂಕುವಿನ ತುದಿಯ ಹತ್ತಿರ ಎಲೆಕ್ಟ್ರಾನುಗಳು ತಮ್ಮ ರಾಶಿಯನ್ನೇ ಮರೆತವರಂತೆ, ಶಕ್ತಿ ಹೆಚ್ಚಿರಲಿ ಕಡಿಮೆಯಿರಲಿ, ಸೆಕೆಂಡಿಗೆ ಸುಮಾರು ೧,೦೦೦ ಕಿಲೋಮೀಟರಿನ ಒಂದೇ ವೇಗದಲ್ಲಿ ಓಡುತ್ತವೆ. ಬೆಳಕಿನ ವೇಗದ ಮುನ್ನೂರರಲ್ಲಿ ಒಂದು ಪಾಲು ಇದು. ೧೯೨೮ರಲ್ಲಿ ಡಿರಾಕ್ ಬರೆದ ಸಮೀಕರಣದ ರೂಪವೇ ಇಲ್ಲಿಗೆ ಒಪ್ಪುವುದರಿಂದ ಈ ತುದಿಗೆ ಡಿರಾಕ್ ಬಿಂದುವೆಂದು ಹೆಸರಾಯಿತು. ಮರುವರ್ಷ, ೧೯೨೯ರಲ್ಲಿ, ಹರ್ಮನ್ ವೈಲ್ ಎಂಬ ಗಣಿತಜ್ಞರು ರಾಶಿಯೇ ಇಲ್ಲದ, ಎಡಗೈ ಬಲಗೈಗಳಂತೆ ಎರಡು ಬಗೆಯಾದ ಕಣಗಳಿಗೆ ಇನ್ನೂ ಸರಳವಾದ ಸಮೀಕರಣವೊಂದನ್ನು ಕೊಟ್ಟರು. ಬಹುಕಾಲ ನ್ಯೂಟ್ರಿನೋ ಅಂಥ ಕಣವಿರಬಹುದೆಂದು ಎಣಿಸಲಾಗಿತ್ತು. ಅದಕ್ಕೂ ಅಲ್ಪಸ್ವಲ್ಪ ರಾಶಿಯುಂಟೆಂಬುದು ಈ ಶತಮಾನದ ಹೊತ್ತಿಗೆ ಸ್ಥಿರಪಟ್ಟು, ವೈಲರ ಸಮೀಕರಣವು ಮನೆಯಿಲ್ಲದಂತಾಯಿತು. ಅದಕ್ಕೆ ಕೊನೆಗೆ ಮನೆ ದೊರೆತದ್ದು ಹರಳುಗಳೊಳಗೆ.

ಇಲ್ಲಿ ಒಂದು ಪ್ರಶ್ನೆ ಹುಟ್ಟಬೇಕು. ಎರಡು ಪಟ್ಟಿಗಳು ಒಂದು ಬಿಂದುವಿನಲ್ಲಿ ಮುಟ್ಟುವುದು ಬರಿಯ ಆಕಸ್ಮಿಕವಲ್ಲವೆ? ಹರಳನ್ನು ತುಸು ಹಿಸುಕಿದರೆ, ಒಂದಿಷ್ಟು ಕಲ್ಮಷ ಸೇರಿದರೆ, ಅವು ಬೇರೆಯಾಗಿಬಿಡಬೇಡವೆ? ಉತ್ತರವು ಕಾಲೇಜಿನ ಗಣಿತದಲ್ಲಿಯೇ ಇದೆ. ಹತ್ತಿರ ಬಂದ ಎರಡು ಶಕ್ತಿಮಟ್ಟಗಳ ನಡುವಣ ಅಂತರವು ಮೂರು ಸಂಖ್ಯೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಷ್ಟಿರುತ್ತದೆ. ವರ್ಗಗಳು ಋಣವಾಗಲಾರವು, ಆದ್ದರಿಂದ ಅಂತರವು ಸೊನ್ನೆಯಾಗಬೇಕಾದರೆ ಮೂರೂ ಸಂಖ್ಯೆಗಳು ಒಟ್ಟಿಗೆ ಸೊನ್ನೆಯಾಗಬೇಕು. ಮೂರು ಸಮೀಕರಣಗಳನ್ನು ತೀರಿಸಲು ಮೂರು ಅಜ್ಞಾತಗಳು ಬೇಕಷ್ಟೆ. ಮೂರು ಆಯಾಮದ ಹರಳಿನಲ್ಲಿ ಸಂವೇಗಕ್ಕೆ ಸರಿಯಾಗಿ ಮೂರು ಘಟಕಗಳಿವೆ! ಹರಳನ್ನು ಹಿಸುಕಿದಾಗ ಸಮೀಕರಣಗಳು ಕೊಂಚ ಬದಲಾಗುತ್ತವೆ, ಉತ್ತರವೂ ಕೊಂಚ ಸರಿಯುತ್ತದೆ. ಆದರೆ ಉತ್ತರವೇ ಇಲ್ಲದೆ ಹೋಗುವುದಿಲ್ಲ. ಮುಟ್ಟುವ ಬಿಂದು ತನ್ನ ಸ್ಥಾನವನ್ನು ಬದಲಿಸಬಹುದು, ಅಳಿಯಲಾರದು. ೧೯೩೭ರಲ್ಲಿ ಕಾನಿಯರ್ಸ್ ಹೆರಿಂಗ್ ಈ ಸಂಗತಿಯನ್ನು ಗುರುತಿಸಿದ್ದರು. ಗ್ರಾಫೀನ್ ಹಾಳೆಯಲ್ಲಿ ಅಜ್ಞಾತಗಳು ಎರಡೇ. ಅಲ್ಲಿ ಮೂರನೆಯ ಸಂಖ್ಯೆಯನ್ನು ಸೊನ್ನೆಯಾಗಿ ಇಡುವುದು, ಜೇನುಹುಟ್ಟಿನಂಥ ಅದರ ಜಾಲದ ಎರಡು ಬಗೆಯ ಸ್ಥಾನಗಳೂ ಒಂದೇ ಜಾತಿಯ ಇಂಗಾಲದಿಂದ ತುಂಬಿರುವ ಸಮತೆ. ಸಮತೆ ಕೆಟ್ಟರೆ ಬಿಂದು ಬಿರಿಯುತ್ತದೆ. ಮೂರು ಆಯಾಮದಲ್ಲಿ ಇಂಥ ಆಸರೆಯ ಹಂಗಿಲ್ಲ. ಬದಲಾಗಿ, ಹರಳಿನ ರಚನೆಯಲ್ಲಿ ಎದುರುಬದುರಿನ ಸಮತೆ ಇರಬಾರದು, ಇಲ್ಲವೆ ಹರಳು ಕಾಂತೀಯವಾಗಿರಬೇಕು. ಎರಡರಲ್ಲೊಂದೂ ಇಲ್ಲದಿದ್ದರೆ ಪ್ರತಿಯೊಂದು ಮಟ್ಟವೂ ಜೋಡಿಯಾಗಿ ಬಂದು ಲೆಕ್ಕ ಬೇರೆಯಾಗುತ್ತದೆ.

ಹಿಗ್ಗಿಸಿದರೂ ಬಗ್ಗಿಸಿದರೂ ಅಳಿಯದ ಗುಣಗಳನ್ನು ವಿಚಾರಿಸುವ ಗಣಿತಶಾಖೆಗೆ ಟೊಪಾಲಜಿಯೆಂದು ಹೆಸರು. ಕೋಡುಬಳೆಯನ್ನು ಎಷ್ಟು ತಿರುಚಿದರೂ, ಹರಿಯದೆ ಇರುವ ತನಕ, ಅದರ ನಡುವಿನ ತೂತು ಒಂದೇ. ಎಲೆಕ್ಟ್ರಾನುಗಳ ಲೋಕದಲ್ಲಿ ಈ ತೂತಿನ ಎಣಿಕೆಗೆ ಸಮನಾದುದು ಯಾವುದು? ಇದನ್ನು ವಿವರಿಸಲು ನಾವು ಬೆಂಗಳೂರಿಗೆ, ೧೯೫೬ನೆಯ ಇಸವಿಗೆ ಹೋಗಬೇಕು.

ರಾಮನ್ ಸಂಶೋಧನ ಸಂಸ್ಥೆಯಲ್ಲಿ ಆಗ ಎಸ್. ಪಂಚರತ್ನಂ ಎಂಬ ಇಪ್ಪತ್ತೆರಡು ವರ್ಷದ ತರುಣರು ಹರಳುಗಳ ಮೂಲಕ ಹಾಯುವ ಧ್ರುವೀಕೃತ ಬೆಳಕನ್ನು ಅಭ್ಯಸಿಸುತ್ತಿದ್ದರು. ಸರ್ ಸಿ. ವಿ. ರಾಮನ್ನರ ಸೋದರಿಯ ಮಗ ಅವರು. ಬೆಳಕಿನ ಧ್ರುವೀಕರಣದ ಒಂದೊಂದು ಸ್ಥಿತಿಯನ್ನೂ ಗೋಳದ ಮೇಲಿನ ಒಂದೊಂದು ಬಿಂದುವಾಗಿ ಗುರುತಿಸುವ ಪದ್ಧತಿಯುಂಟು. ಬೆಳಕಿನ ಸ್ಥಿತಿಯನ್ನು ಬಿಂದುವಿನಿಂದ ಬಿಂದುವಿಗೆ ಒಯ್ದು, ಕೊನೆಗೆ ಹೊರಟಲ್ಲಿಗೇ ತಂದು ನಿಲ್ಲಿಸಿದರೆ ಬೆಳಕು ಮೊದಲಿನಂತೆಯೇ ಇರಬೇಕೆಂದು ತೋರುತ್ತದೆ. ಹಾಗಿರುವುದಿಲ್ಲ. ಅದರ ತರಂಗದ ಹಂತವು ಒಂದಿಷ್ಟು ಸರಿದಿರುತ್ತದೆ. ಮತ್ತು ಆ ಸರಿತವು ಗೋಳದ ಮೇಲೆ ಸುತ್ತಿ ಬಂದ ಹಾದಿಯು ಕೇಂದ್ರದಲ್ಲಿ ಮಾಡುವ ಘನಕೋನದ ಸರಿಯಾಗಿ ಅರ್ಧದಷ್ಟು. ಎಷ್ಟು ಹೊತ್ತು ಸುತ್ತಿತು, ಎಷ್ಟು ದೂರ ಸುತ್ತಿತು ಎಂಬುದರ ಗೊಡವೆಯೇ ಇಲ್ಲ; ಹಾದಿಯ ಆಕಾರವೊಂದೇ ಲೆಕ್ಕಕ್ಕೆ ಬರುವುದು.

ಇದರ ಛಾಯೆಯನ್ನು ದೊಡ್ಡದೊಂದು ಚೆಂಡಿನ ಮೇಲೆ ಕಾಣಬಹುದು. ಚೆಂಡಿನ ನೆತ್ತಿಯಲ್ಲಿ ಒಂದು ಕಡ್ಡಿಯನ್ನು ಕೆಳಮುಖವಾಗಿ ಹಿಡಿದು, ಎಲ್ಲಿಯೂ ತಿರುಗಿಸದೆ, ನಡುಗೆರೆಯ ತನಕ ಇಳಿಸಿರಿ. ನಡುಗೆರೆಯ ಗುಂಟ ಕಾಲುಸುತ್ತು ಸರಿಸಿರಿ. ಮತ್ತೆ ನೆತ್ತಿಗೆ ಏರಿಸಿರಿ. ನೀವು ಎಲ್ಲಿಯೂ ತಿರುಗಿಸದಿದ್ದರೂ ಕಡ್ಡಿಯು ೯೦ ಅಂಶ ತಿರುಗಿ ನಿಂತಿರುತ್ತದೆ. ಸುತ್ತಿದ್ದು ಗೋಳದ ಎಂಟರಲ್ಲಿ ಒಂದು ಭಾಗ. ಅದರ ಘನಕೋನವೂ ೯೦ ಅಂಶಕ್ಕೆ ಸಮನಾದ ಸಂಖ್ಯೆಯೇ.

ಪಂಚರತ್ನಂ ಅವರ ಪ್ರಬಂಧವು ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಅಚ್ಚಾಯಿತು. ಹೊರಗಿನವರು ಅದನ್ನು ಹೆಚ್ಚಾಗಿ ಓದಲಿಲ್ಲ. ಅವರು ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡಿಗೆ ಹೋಗಿ, ೧೯೬೯ರಲ್ಲಿ ಅಲ್ಲಿಯೇ, ಮೂವತ್ತೈದರ ವಯಸ್ಸಿನಲ್ಲಿ, ತೀರಿಕೊಂಡರು. ೧೯೮೪ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿಯವರು ಕ್ವಾಂಟಂ ವ್ಯವಸ್ಥೆಗಳಿಗೆಲ್ಲ ಅನ್ವಯಿಸುವ ಇಂಥದೇ ಹಂತವನ್ನು ಪ್ರಕಟಿಸಿ ಜಗತ್ಪ್ರಸಿದ್ಧರಾದರು. ೧೯೮೬ರಲ್ಲಿ ಬೆಂಗಳೂರಿನ ರಾಮಶೇಷನ್ ಮತ್ತು ನಿತ್ಯಾನಂದ ಅವರು ಇದೇ ತತ್ತ್ವವನ್ನು ಪಂಚರತ್ನಂ ಮೂವತ್ತು ವರ್ಷ ಮೊದಲೇ ಕಂಡಿದ್ದರೆಂಬುದನ್ನು ಎತ್ತಿ ತೋರಿಸಿದರು. ಬೆರಿಯವರೂ ಅದನ್ನು ಮನಸಾರೆ ಒಪ್ಪಿದರು. ನಮ್ಮ ಪಠ್ಯಪುಸ್ತಕಗಳು ಮಾತ್ರ ಇನ್ನೂ ಬೆರಿಯವರ ಹೆಸರೊಂದನ್ನೇ ಹೇಳುವುದು ಏಕೋ ತಿಳಿಯದು.

ಈಗ ಅರೆಲೋಹಕ್ಕೆ ಮರಳೋಣ. ಗ್ರಾಫೀನಿನ ಎಲೆಕ್ಟ್ರಾನಿಗೆ, ತಾನು ಜಾಲದ ಯಾವ ಬಗೆಯ ಸ್ಥಾನದಲ್ಲಿ ಎಷ್ಟು ಪಾಲು ಇದ್ದೇನೆಂಬುದನ್ನು ತಿಳಿಸುವ ಒಂದು ಸೂಚಿಮುಳ್ಳು ಉಂಟೆನ್ನಬಹುದು. ಎಲೆಕ್ಟ್ರಾನು ಡಿರಾಕ್ ಬಿಂದುವನ್ನು ಒಂದು ಸುತ್ತು ಹಾಕಿದರೆ ಈ ಮುಳ್ಳು ಗೋಳದ ನಡುಗೆರೆಯ ಮೇಲೆ ಪೂರ್ತಿ ಒಂದು ಸುತ್ತು ಬರುತ್ತದೆ. ಅದು ಒಳಗೊಂಡ ಘನಕೋನ ಅರ್ಧಗೋಳದ್ದು. ಅದರ ಅರ್ಧವೆಂದರೆ ೧೮೦ ಅಂಶ. ಅಂದರೆ ತರಂಗದ ಏರು ಇರಬೇಕಾದಲ್ಲಿ ಇಳಿವು ಬರುತ್ತದೆ. ಎಲೆಕ್ಟ್ರಾನನ್ನು ಹೀಗೆ ಸುತ್ತಿಸುವ ಬಗೆ ಯಾವುದು? ಬಲವಾದ ಕಾಂತಕ್ಷೇತ್ರ. ಕ್ಷೇತ್ರವನ್ನು ಏರಿಸುತ್ತ ಹೋದಂತೆ ಹರಳಿನ ರೋಧವು ಏರಿಳಿಯುತ್ತದೆಂಬುದನ್ನು ಷುಬ್ನಿಕೋವ್ ಮತ್ತು ಡಿ ಹಾಸ್ ೧೯೩೦ರಲ್ಲಿ ಲೈಡನ್ನಿನಲ್ಲಿ ಬಿಸ್ಮತ್ತಿನಲ್ಲಿಯೇ ಕಂಡಿದ್ದರು. ಆ ಏರಿಳಿತದ ಸಾಲು ಎಲ್ಲಿಂದ ಶುರುವಾಗುತ್ತದೆಂದು ನೋಡಿದರೆ ಅಡಗಿದ್ದ ೧೮೦ ಅಂಶ ಹೊರಬೀಳುತ್ತದೆ. ೨೦೦೪ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿಸುಲಿದು ಒಂಟಿ ಹಾಳೆಯನ್ನು ಬೇರ್ಪಡಿಸಿದ ಮರುವರ್ಷವೇ ಅವರ ತಂಡವೂ ನ್ಯೂಯಾರ್ಕಿನ ಫಿಲಿಪ್ ಕಿಮ್ ಅವರ ತಂಡವೂ ಈ ೧೮೦ ಅಂಶವನ್ನು ಅಳೆದು ತೋರಿಸಿದವು. ಬೆಂಗಳೂರಿನ ಹರಳುಗಳಲ್ಲಿ ಬೆಳಕು ತೋರಿದ ನಡತೆಯನ್ನೇ ಪೆನ್ಸಿಲ್ಲಿನ ಕಡ್ಡಿಯ ಎಲೆಕ್ಟ್ರಾನು ತೋರಿತು.

ಮೂರು ಆಯಾಮದ ವೈಲ್ ಬಿಂದುವನ್ನು ಸುತ್ತಲೂ ಒಂದು ಗೋಳದಿಂದ ಮುಚ್ಚಿದರೆ ಆ ಘನಕೋನದ ಎಣಿಕೆ ಯಾವಾಗಲೂ ಒಂದು ಪೂರ್ಣಾಂಕವಾಗುತ್ತದೆ, ಧನ ಒಂದು ಅಥವಾ ಋಣ ಒಂದು. ಕೋಡುಬಳೆಯ ತೂತು ಎಂದೆವಲ್ಲ, ಅದು ಇದೇ. ಧನ ಋಣ ಬಿಂದುಗಳು ಜೋಡಿಯಾಗಿಯೇ ಇರತಕ್ಕದ್ದು. ಒಂದನ್ನೊಂದು ಎದುರುಗೊಂಡಾಗ ಮಾತ್ರ ಎರಡೂ ಅಳಿಯುವುವು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದ ಅಶ್ವಿನ್ ವಿಶ್ವನಾಥ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಇನ್ನೊಂದು ಮಾತನ್ನು ಹೇಳಿದರು: ಇಂಥ ಹರಳಿನ ಮೈಮೇಲೆ ಧನ ಬಿಂದುವಿನ ನೆರಳಿನಿಂದ ಋಣ ಬಿಂದುವಿನ ನೆರಳಿಗೆ ಹೋಗುವ, ಎಲ್ಲಿಯೂ ಮುಚ್ಚಿಕೊಳ್ಳದ ಕಮಾನೊಂದು ಕಾಣಬೇಕು. ಮಾಮೂಲಿ ಲೋಹದಲ್ಲಿ ಇಂಥ ಗೆರೆಗಳು ಮುಚ್ಚಿದ ಬಳೆಗಳೇ; ತುಂಡುಗಮಾನು ಎಂದೂ ಇರದು. ಆದ್ದರಿಂದ ಕಮಾನು ಕಂಡರೆ ವೈಲ್ ಬಿಂದು ಉಂಟೆಂದೇ ಅರ್ಥ.

ಅದನ್ನು ಕಾಣುವ ಬಗೆ, ಐನ್‌ಸ್ಟೈನರ ದ್ಯುತಿವಿದ್ಯುತ್ ಸಮೀಕರಣವನ್ನು ಓದಿದ ಯಾರಿಗಾದರೂ ತಿಳಿಯುವಂಥದು. ಹರಳನ್ನು ಅತ್ಯುತ್ತಮ ನಿರ್ವಾತದೊಳಗೆ ಸೀಳಿ, ಗಾಳಿ ಸೋಕದ ಹೊಸ ಮೈಯ ಮೇಲೆ ಅತಿನೇರಿಳೆ ಬೆಳಕನ್ನಾಗಲಿ ಮೃದುವಾದ ಕ್ಷಕಿರಣವನ್ನಾಗಲಿ ಬೀಳಿಸುತ್ತಾರೆ. ಹೊರಚಿಮ್ಮಿದ ಎಲೆಕ್ಟ್ರಾನಿನ ಶಕ್ತಿಯನ್ನು ಅಳೆದರೆ ಅದು ಒಳಗೆ ಯಾವ ಮಟ್ಟದಲ್ಲಿತ್ತೆಂದು ತಿಳಿಯುತ್ತದೆ. ಯಾವ ಕೋನದಲ್ಲಿ ಹೊರಬಿದ್ದಿತೆಂದು ಅಳೆದರೆ ಅದರ ಸಂವೇಗ ತಿಳಿಯುತ್ತದೆ. ಎರಡನ್ನೂ ಕೂಡಿಸಿ ಚುಕ್ಕೆ ಇಡುತ್ತ ಹೋದರೆ ಪಟ್ಟಿಗಳ ಚಿತ್ರವೇ ಮೂಡಿಬರುತ್ತದೆ. ಇದಕ್ಕೆ ಬೇಕಾದ ಪ್ರಖರ ಬೆಳಕು ಸಿಂಕ್ರೊಟ್ರಾನ್ ಯಂತ್ರಗಳಿಂದ ಬರುವುದು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್ ಯಂತ್ರಗಳು ಈ ಜಾತಿಯವು. ೨೦೧೫ರಲ್ಲಿ ಪ್ರಿನ್ಸ್‌ಟನ್ನಿನ ಜಾಹಿದ್ ಹಸನ್ ಅವರ ತಂಡವೂ ಬೀಜಿಂಗಿನ ಹಾಂಗ್ ಡಿಂಗ್ ಅವರ ತಂಡವೂ ಟ್ಯಾಂಟಲಮ್ ಆರ್ಸೆನೈಡ್ ಹರಳಿನಲ್ಲಿ ಕಮಾನುಗಳನ್ನು ಕಂಡವು. ಆ ಹರಳಿನಲ್ಲಿ ಹನ್ನೆರಡು ಜೊತೆ, ಒಟ್ಟು ಇಪ್ಪತ್ತನಾಲ್ಕು, ವೈಲ್ ಬಿಂದುಗಳಿವೆ. ವೈಲರ ಸಮೀಕರಣಕ್ಕೆ ಆಗ ಎಂಬತ್ತಾರು ವರ್ಷ.

ಆದರೆ ಕಣ್ಣಿಗೆ ಕಂಡುದೆಲ್ಲ ನಿಜವಾಗುವುದಿಲ್ಲವೆಂಬುದಕ್ಕೂ ಇದೇ ಹರಳುಗಳು ಉದಾಹರಣೆ ಒದಗಿಸಿದವು. ಈ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಒಂದೇ ದಿಕ್ಕಿಗೆ ಹಚ್ಚಿದರೆ ವೈಲ್ ಅರೆಲೋಹದ ಎಡಗೈ ಎಲೆಕ್ಟ್ರಾನುಗಳು ಬಲಗೈಯವಾಗಿ ಮಾರ್ಪಟ್ಟು, ಹರಳಿನ ರೋಧವು ಕಡಿಮೆಯಾಗಬೇಕೆಂದು ಸಿದ್ಧಾಂತವು ಹೇಳುತ್ತದೆ. ೨೦೧೫ರಿಂದೀಚೆಗೆ ಹಲವು ಹರಳುಗಳಲ್ಲಿ ರೋಧ ಇಳಿದುದು ಕಂಡು, ಸಿದ್ಧಾಂತ ಗೆದ್ದಿತೆಂದು ವರದಿಗಳು ಹೊರಟವು. ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ಜರ್ಮೇನಿಯಮ್ ತುಣುಕಿನ ಮೇಲೆ ನಾಲ್ಕು ಸೂಜಿಗಳನ್ನು ಇಟ್ಟು, ಹೊರಗಿನ ಎರಡರಿಂದ ಪ್ರವಾಹ ಹಾಯಿಸಿ ಒಳಗಿನ ಎರಡರಲ್ಲಿ ವೋಲ್ಟೇಜು ಅಳೆಯುವ ವಿಧಾನ ವಾಚಕರಲ್ಲಿ ಹಲವರಿಗೆ ಪರಿಚಿತ. ಪ್ರವಾಹವು ನಾವು ಲೆಕ್ಕದಲ್ಲಿ ಹಿಡಿದ ರೀತಿಯಲ್ಲಿಯೇ ತುಣುಕಿನೊಳಗೆ ಹರಡುತ್ತದೆಂಬ ನಂಬಿಕೆ ಅದರ ಹಿಂದಿದೆ. ಈ ಅರೆಲೋಹಗಳಲ್ಲಿ ಕಾಂತಕ್ಷೇತ್ರವು ಅಡ್ಡ ದಿಕ್ಕಿನ ರೋಧವನ್ನು ವಿಪರೀತ ಏರಿಸಿಬಿಡುವುದರಿಂದ ಪ್ರವಾಹವು ಹರಡದೆ, ಬೆಣಚುಗಲ್ಲಿನ ನಡುವಿನ ಸಣ್ಣ ಝರಿಯಂತೆ, ಸೂಜಿಯಿಂದ ಸೂಜಿಗೆ ನೇರವಾಗಿ ಓಡುತ್ತದೆ. ವೋಲ್ಟೇಜಿನ ಸೂಜಿಗಳು ಝರಿಯಿಂದ ದೂರ ಇದ್ದರೆ ಅವುಗಳಿಗೆ ಕಡಿಮೆ ವೋಲ್ಟೇಜು ದೊರೆತು, ರೋಧವೇ ಇಳಿದಂತೆ ಭ್ರಮೆಯಾಗುತ್ತದೆ. ೨೦೧೬ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಸಂಶೋಧಕರು ಟ್ಯಾಂಟಲಮ್ ಫಾಸ್ಫೈಡಿನಲ್ಲಿ ಸೂಜಿಗಳ ಸ್ಥಾನವನ್ನು ಬದಲಿಸಿ ಬದಲಿಸಿ ಈ ಮೋಸವನ್ನು ಬಯಲಿಗೆಳೆದರು. ೨೦೧೮ರಲ್ಲಿ ಪ್ರಿನ್ಸ್‌ಟನ್ನಿನವರು ಹರಳಿನ ನಡುಬೆನ್ನಿನ ಮೇಲೂ ಅಂಚಿನ ಮೇಲೂ ಬೇರೆ ಬೇರೆಯಾಗಿ ವೋಲ್ಟೇಜು ಅಳೆದು ಹೋಲಿಸುವ ಪರೀಕ್ಷೆಯನ್ನು ಹೂಡಿದರು. ಸೋಡಿಯಮ್-ಬಿಸ್ಮತ್ ಸಂಯುಕ್ತವೂ ಗ್ಯಾಡೊಲಿನಿಯಮ್-ಪ್ಲಾಟಿನಮ್-ಬಿಸ್ಮತ್ ಸಂಯುಕ್ತವೂ ಅದರಲ್ಲಿ ಉತ್ತೀರ್ಣವಾದವು. ಕಮಾನು ಕಂಡುದಕ್ಕಿಂತ ಸೂಜಿ ಸರಿಸಿದ ಈ ಕೆಲಸವೇ ನಮಗೆ ಹೆಚ್ಚು ಮೆಚ್ಚಿಕೆಯಾದುದು.

ಇನ್ನು ಬೆಂಗಳೂರಿನ ಹೊಸ ಸುದ್ದಿ. ಒಲೆಯ ಮೇಲಿನ ಹಿತ್ತಾಳೆಯ ಸೌಟು ಕೈ ಸುಡುತ್ತದೆ, ಮರದ ಸೌಟು ಸುಡುವುದಿಲ್ಲ. ವಿದ್ಯುತ್ತನ್ನು ಚೆನ್ನಾಗಿ ಒಯ್ಯುವ ಲೋಹವು ಶಾಖವನ್ನೂ ಚೆನ್ನಾಗಿ ಒಯ್ಯುತ್ತದೆ. ಏಕೆಂದರೆ ಎರಡನ್ನೂ ಹೊರುವ ಕೂಲಿ ಎಲೆಕ್ಟ್ರಾನೇ. ಇದನ್ನು ೧೮೫೩ರಲ್ಲಿ ವೀಡೆಮನ್ ಮತ್ತು ಫ್ರಾಂಟ್ಸ್ ನಿಯಮವಾಗಿ ಹೇಳಿದರು: ಗೊತ್ತಾದ ಉಷ್ಣತೆಯಲ್ಲಿ ಎರಡು ವಾಹಕತೆಗಳ ಅನುಪಾತವು ಲೋಹಗಳಿಗೆಲ್ಲ ಹೆಚ್ಚುಕಡಿಮೆ ಒಂದೇ. ಗ್ರಾಫೀನಿನ ಡಿರಾಕ್ ಬಿಂದುವಿನಲ್ಲಿ ಈ ನಿಯಮ ಮುರಿಯುತ್ತದೆ. ಅಲ್ಲಿ ಶಾಖದ ಪ್ರಭಾವದಿಂದ ಮೇಲ್ಪಟ್ಟಿಗೆ ಎಷ್ಟು ಎಲೆಕ್ಟ್ರಾನುಗಳು ಏರುತ್ತವೆಯೋ ಕೆಳಪಟ್ಟಿಯಲ್ಲಿ ಅಷ್ಟೇ ರಂಧ್ರಗಳು ಉಳಿಯುತ್ತವೆ. ರಂಧ್ರವು ಧನ ವಿದ್ಯುತ್ಕಣದಂತೆ ನಡೆದುಕೊಳ್ಳುತ್ತದೆ. ವಿದ್ಯುತ್ತು ಹರಿಯಬೇಕಾದರೆ ಎಲೆಕ್ಟ್ರಾನು ಒಂದು ಕಡೆಗೂ ರಂಧ್ರ ಇನ್ನೊಂದು ಕಡೆಗೂ ಹೋಗಬೇಕು. ಹಬ್ಬದ ಮುನ್ನಾದಿನ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಎದುರುಬದುರಾಗಿ ನುಗ್ಗುವ ಎರಡು ಜನಪ್ರವಾಹಗಳನ್ನು ನೆನೆಯಿರಿ: ಡಿಕ್ಕಿಯ ಮೇಲೆ ಡಿಕ್ಕಿ. ಶಾಖವು ಹರಿಯುವಾಗಲಾದರೋ ಇಬ್ಬರೂ ಒಂದೇ ಕಡೆಗೆ ಸಾಗುತ್ತಾರೆ, ಸಿದ್ಧಾರೂಢ ಮಠದ ತೇರಿನ ಹಿಂದೆ ಸಾಗುವ ಜನಸ್ತೋಮದಂತೆ. ತಮ್ಮೊಳಗೆ ಎಷ್ಟು ತಾಕಲಾಡಿದರೂ ಒಟ್ಟು ಗುಂಪಿನ ಸಂವೇಗ ಕುಂದುವುದಿಲ್ಲ. ವಿದ್ಯುತ್ತಿಗೆ ತಡೆ, ಶಾಖಕ್ಕೆ ಹೆದ್ದಾರಿ.

ಇದನ್ನು ಕಾಣುವುದು ಹೇಳಿದಷ್ಟು ಸುಲಭವಲ್ಲ. ಹಾಳೆಯ ಕೆಳಗಿನ ಕಲ್ಮಷಗಳು ಅಲ್ಲಲ್ಲಿ ಎಲೆಕ್ಟ್ರಾನುಗಳ ಮತ್ತು ರಂಧ್ರಗಳ ಕೊಚ್ಚೆಗುಂಡಿಗಳನ್ನು ಮಾಡಿ ಡಿರಾಕ್ ಬಿಂದುವನ್ನೇ ಮಸುಕಾಗಿಸುತ್ತವೆ. ೨೦೧೬ರಲ್ಲಿ ಹಾರ್ವರ್ಡಿನಲ್ಲಿ ಕಿಮ್ ಅವರ ತಂಡವು, ರೋಧದಲ್ಲಿ ತಾನಾಗಿ ಏಳುವ ವಿದ್ಯುತ್ ಗದ್ದಲವನ್ನೇ ಉಷ್ಣಮಾಪಕವಾಗಿ ಬಳಸಿ, ನಿಯಮವು ಹತ್ತುಪಟ್ಟಿಗೂ ಮಿಗಿಲಾಗಿ ತಪ್ಪುವುದನ್ನು ಕಂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್, ಸುಬ್ರತೊ ಮುಖರ್ಜಿ, ಅನಿಕೇತ್ ಮಜುಮ್ದಾರ್ ಮತ್ತು ಸಂಗಡಿಗರು, ಜಪಾನಿನ ವತನಾಬೆ ಮತ್ತು ತನಿಗುಚಿ ಅವರು ಬೆಳೆಸಿದ ಬೋರಾನ್ ನೈಟ್ರೈಡ್ ಹರಳಿನ ಪದರಗಳ ನಡುವೆ ಗ್ರಾಫೀನನ್ನು ಇಟ್ಟು, ಹಿಂದೆಂದಿಗಿಂತಲೂ ಶುದ್ಧವಾದ ಮಾದರಿಗಳಲ್ಲಿ ಎರಡು ವಾಹಕತೆಗಳನ್ನೂ ಅಳೆದರು. ತಗ್ಗಿದ ಉಷ್ಣತೆಯಲ್ಲಿ ನಿಯಮವು ಇನ್ನೂರು ಪಟ್ಟಿಗೂ ಹೆಚ್ಚಾಗಿ ತಪ್ಪಿತು. ಅಷ್ಟೇ ಅಲ್ಲ, ವಿದ್ಯುದ್ವಾಹಕತೆ ಹೆಚ್ಚಾದಲ್ಲಿ ಶಾಖವಾಹಕತೆ ಕಡಿಮೆಯೆಂಬ ತಲೆಕೆಳಗಾದ ಸಂಬಂಧವೇ ಕಂಡುಬಂದಿತು. ೨೦೨೫ರಲ್ಲಿ ಪ್ರಕಟವಾದ ಈ ಅಳತೆಗಳ ಪ್ರಕಾರ ಅಲ್ಲಿಯ ಎಲೆಕ್ಟ್ರಾನುಗಳು ಬಿಡಿ ಕಣಗಳಂತಲ್ಲ, ಒಂದು ದ್ರವದಂತೆ ಹರಿಯುತ್ತವೆ. ಆ ದ್ರವದ ಸ್ನಿಗ್ಧತೆ ಎಷ್ಟು ಅಲ್ಪವೆಂದರೆ, ಪರಮಾಣುಬೀಜಗಳನ್ನು ಬೃಹದ್ಯಂತ್ರಗಳಲ್ಲಿ ಡಿಕ್ಕಿ ಹೊಡೆಸಿದಾಗ ಕ್ಷಣಮಾತ್ರ ಹುಟ್ಟುವ ಕ್ವಾರ್ಕ್-ಗ್ಲೂಆನ್ ದ್ರವದೊಡನೆ ಇದನ್ನು ಹೋಲಿಸಲಾಗಿದೆ. ಕೋಟಿ ಕೋಟಿ ಅಂಶಗಳ ಕಾವಿನ ಆ ದ್ರವಕ್ಕೂ ಮೇಜಿನ ಮೇಲಿನ ಈ ತಣ್ಣನೆಯ ಹಾಳೆಗೂ ನಂಟು ಉಂಟೆಂಬುದನ್ನು ಯಾರು ಊಹಿಸಿದ್ದರು!

ಗ್ರಾಫೈಟಿನ ಈ ಕತೆಗೆ ನಮ್ಮ ದೇಶದಲ್ಲಿ ಇನ್ನೂ ಹಳೆಯ ಅಧ್ಯಾಯವೊಂದಿದೆ. ರಾಮನ್ನರ ಸಹೋದ್ಯೋಗಿಯಾಗಿದ್ದ ಕೆ. ಎಸ್. ಕೃಷ್ಣನ್ ಅವರು ಕಲಕತ್ತೆಯಲ್ಲಿ ಎನ್. ಗಂಗೂಲಿಯವರೊಡನೆ ಗ್ರಾಫೈಟಿನ ಪ್ರತಿಕಾಂತತೆಯನ್ನು, ಅಂದರೆ ಕಾಂತದಿಂದ ದೂರ ಸರಿಯುವ ಗುಣವನ್ನು, ಅಳೆದು ೧೯೪೧ರಲ್ಲಿ ವಿವರವಾಗಿ ಪ್ರಕಟಿಸಿದರು. ಪದರಗಳಿಗೆ ಲಂಬವಾಗಿ ಕಾಂತಕ್ಷೇತ್ರ ಹಚ್ಚಿದಾಗ ಆ ಗುಣವು ಪದರಗುಂಟ ಹಚ್ಚಿದಾಗಿಗಿಂತ ಹಲವು ಹತ್ತುಪಟ್ಟು ಹೆಚ್ಚೆಂಬುದು ಅವರಿಗೆ ಕಂಡಿತ್ತು. ಇದರ ಕಾರಣವು ಪಟ್ಟಿಗಳು 'ಮುಟ್ಟುವ ಠಾವಿ'ನಲ್ಲಿಯೇ ಇದೆಯೆಂದು ಮೆಕ್ಲ್ಯೂರ್ ಎಂಬವರು ಲೆಕ್ಕ ಹಾಕಿದ್ದು ೧೯೫೬ರಲ್ಲಿ, ಪಂಚರತ್ನಂ ಪ್ರಬಂಧದ ವರ್ಷದಲ್ಲಿಯೇ.

ಈ ಒಂದು ಪ್ರಯೋಗಕ್ಕೆ ಮಾತ್ರ ಸಿಂಕ್ರೊಟ್ರಾನ್ ಬೇಕಿಲ್ಲ. ಒತ್ತಿದರೆ ಕಡ್ಡಿ ಹೊರಬರುವ ಪೆನ್ಸಿಲ್ಲಿನ ತೆಳ್ಳನೆಯ ಕಡ್ಡಿಯೊಂದನ್ನು ತೆಗೆದುಕೊಳ್ಳಿರಿ. ಮರದ ಪೆನ್ಸಿಲ್ಲಿನದು ಬೇಡ, ಅದರಲ್ಲಿ ಕಬ್ಬಿಣದ ಅಂಶ ಸೇರಿರಬಹುದು. ಕಡ್ಡಿಯ ನಡುವಿಗೆ ರೇಷ್ಮೆಯ ಎಳೆ ಕಟ್ಟಿ, ಅದು ಮಟ್ಟಸವಾಗಿ ತೂಗುವಂತೆ ಬಾಯಗಲದ ಗಾಜಿನ ಭರಣಿಯೊಳಗೆ ಇಳಿಬಿಡಿರಿ. ನಮ್ಮೂರಿನ ಆಷಾಢದ ಗಾಳಿಯಲ್ಲಿ ಭರಣಿಯಿಲ್ಲದೆ ಪ್ರಯೋಗ ಸಾಗದು. ಕಡ್ಡಿ ನಿಶ್ಚಲವಾದ ಮೇಲೆ ಪ್ರಬಲವಾದ ನಿಯೋಡಿಮಿಯಮ್ ಕಾಂತವೊಂದನ್ನು ಗಾಜಿನ ಹೊರಗಿನಿಂದ ಅದರ ಒಂದು ತುದಿಯ ಹತ್ತಿರಕ್ಕೆ ಮೆಲ್ಲನೆ ತನ್ನಿರಿ. ಕಾಂತದ ಯಾವ ಧ್ರುವವನ್ನು ತಂದರೂ ಸರಿಯೆ, ಕಡ್ಡಿಯ ತುದಿ ಕಾಂತದಿಂದ ಹಿಂದೆ ಸರಿಯುವುದು. ಕಾಂತವನ್ನು ಇನ್ನೊಂದು ಬದಿಗೆ ಒಯ್ದರೆ ಅದು ಈಚೆಗೆ ತಿರುಗುವುದು.